ಹೊಸ ರೈಡ್‌ಗಳನ್ನು ಬದಿಗಿಟ್ಟರೆ, ಥೀಮ್ ಪಾರ್ಕ್ ಚೆನ್ನಾಗಿದೆ ಅನ್ನಿಸುವುದು ಯಾವುದರಿಂದ?

ಹೊಂಗೆನೆರಳು (ಪ್ರಶ್ನೆ)

ಥೀಮ್ ಪಾರ್ಕ್ ಬಗ್ಗೆ ಎಲ್ಲೇ ಚರ್ಚೆ ಶುರುವಾದರೂ ಕೊನೆಗೆ ಹೊಸ ರೋಲರ್ ಕೋಸ್ಟರ್ ಎಷ್ಟು ಎತ್ತರ, ಎಷ್ಟು ವೇಗ, ಎಷ್ಟು ಸಲ ತಲೆಕೆಳಗಾಗುತ್ತದೆ ಅನ್ನುವಲ್ಲಿಗೇ ಬಂದು ನಿಲ್ಲುತ್ತದೆ. ಒಂದು ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ ಹತ್ತಕ್ಕೆ ಒಳಗೆ ಹೋಗಿ ಸಂಜೆ ಏಳಕ್ಕೆ ಹೊರಗೆ ಬಂದರೆ 540 ನಿಮಿಷ ಆಯಿತು. ಹತ್ತು ರೈಡ್ ಹತ್ತಿದರೂ, ಒಂದಕ್ಕೆ ಮೂರು ನಿಮಿಷದಂತೆ, ರೈಡಿನ ಸೀಟಿನಲ್ಲಿ ಕೂತಿದ್ದು 30 ನಿಮಿಷ. ಉಳಿದ 510 ನಿಮಿಷ ನಡೆಯುವುದು, ಕಾಯುವುದು, ತಿನ್ನುವುದು, ನೆರಳು ಹುಡುಕುವುದು, ಮಕ್ಕಳನ್ನು ಸಂಭಾಳಿಸುವುದು, ಇವುಗಳಲ್ಲೇ ಕಳೆಯುತ್ತದೆ.

ಹೆಚ್ಚುಕಡಿಮೆ ಒಂದೇ ತರದ ರೈಡ್‌ಗಳಿರುವ ಎರಡು ಪಾರ್ಕ್‌ಗಳಲ್ಲಿ ಒಂದು ಮಧ್ಯಾಹ್ನ ಮೂರಕ್ಕೇ ಸಾಕಪ್ಪಾ ಅನ್ನಿಸುತ್ತದೆ. ಇನ್ನೊಂದರಲ್ಲಿ ಗೇಟು ಮುಚ್ಚುವ ತನಕ ಇದ್ದರೂ ಬೇಸರವಾಗುವುದಿಲ್ಲ. ಆ 510 ನಿಮಿಷದಲ್ಲಿ ವ್ಯತ್ಯಾಸ ಮಾಡುವುದು ಯಾವುದು? "ವಾತಾವರಣ ಚೆನ್ನಾಗಿದೆ" ಅನ್ನುವ ಉತ್ತರ ಬೇಡ. ಕಣ್ಣಿಂದ ನೋಡಿ, ಗಡಿಯಾರದಿಂದ ಅಳೆದು ಹೇಳಬಹುದಾದ ಸಂಗತಿಗಳು ಬೇಕು. ಏನು ಕೆಡುತ್ತದೆ, ಯಾಕೆ ಕೆಡುತ್ತದೆ ಅನ್ನುವುದನ್ನೂ ಬರೆದರೆ ಉಪಕಾರ.

---

ಸರತಿಲೆಕ್ಕ

ಮೊದಲು ನೋಡಬೇಕಾದ್ದು ಕ್ಯೂ. ಎಷ್ಟು ಉದ್ದವಿದೆ ಅಂತಲ್ಲ, ಎಷ್ಟು ಬೇಗ ಸರಿಯುತ್ತದೆ ಅಂತ. ಅದನ್ನು ತೀರ್ಮಾನಿಸುವುದು ರೈಡಿನ ವೇಗವೂ ಅಲ್ಲ, ಒಂದು ರೈಲು ಹೊರಟ ಮೇಲೆ ಮುಂದಿನ ರೈಲು ಹೊರಡಲು ಹಿಡಿಯುವ ಸಮಯ.

28 ಸೀಟಿನ ರೈಲು ಅಂದುಕೊಳ್ಳಿ. ಪ್ರತಿ 75 ಸೆಕೆಂಡಿಗೆ ಒಂದು ಹೊರಟರೆ ಗಂಟೆಗೆ 48 ರೈಲು, 1344 ಜನ. ಅದೇ ರೈಡು, ಅದೇ ಹಳಿ, ಆದರೆ ಸ್ಟೇಷನ್‌ನಲ್ಲಿ ಕೆಲಸ ನಿಧಾನವಾಗಿ 120 ಸೆಕೆಂಡಿಗೆ ಒಂದು ಹೊರಟರೆ ಗಂಟೆಗೆ 30 ರೈಲು, 840 ಜನ. ನಿಮ್ಮ ಮುಂದೆ 700 ಜನ ನಿಂತಿದ್ದರೆ ಮೊದಲನೆಯದರಲ್ಲಿ 31 ನಿಮಿಷ, ಎರಡನೆಯದರಲ್ಲಿ 50 ನಿಮಿಷ. ಒಂದು ರೂಪಾಯಿ ಹೊಸ ಉಕ್ಕು ಹಾಕದೆ ಪ್ರತಿಯೊಬ್ಬರಿಗೂ 19 ನಿಮಿಷ ಉಳಿಸಬಹುದಿತ್ತು.

ಆ 45 ಸೆಕೆಂಡ್ ಎಲ್ಲಿ ಸೋರುತ್ತದೆ ಅಂತ ಸ್ಟೇಷನ್‌ನಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ. ರೈಲು ಬಂದು ನಿಲ್ಲುತ್ತದೆ, ಲ್ಯಾಪ್ ಬಾರ್ (ತೊಡೆಯ ಮೇಲೆ ಒತ್ತಿ ಹಿಡಿಯುವ ಸರಳು) ಬಿಚ್ಚಿಕೊಳ್ಳುತ್ತದೆ. ಇಳಿದವರು ಒಂದು ಕಡೆಯಿಂದ ಹೋಗುತ್ತಿರುವಾಗಲೇ ಇನ್ನೊಂದು ಕಡೆಯ ಗೇಟು ತೆರೆಯಬೇಕು. ಹತ್ತುವವರು ಬ್ಯಾಗ್ ಹಿಡಿದು ಬಂದಿದ್ದರೆ ಅದನ್ನು ಆಚೆ ಬದಿಯ ಗೂಡಿನಲ್ಲಿ ಇಡಲು ರೈಲು ದಾಟಿ ಹೋಗಿ ವಾಪಸ್ ಬರುತ್ತಾರೆ. ಅದಕ್ಕೇ 20 ಸೆಕೆಂಡ್ ಬೇಕು. ಆಮೇಲೆ ಬೆಲ್ಟು, ಅದರ ಮೇಲೆ ಬಾರ್. ಸಿಬ್ಬಂದಿ ಒಬ್ಬರೇ ಇದ್ದರೆ ಒಂದು ಬದಿಯ 14 ಸೀಟು ಎಳೆದು ನೋಡಿ, ಸುತ್ತಿ ಬಂದು ಮತ್ತೊಂದು ಬದಿಯ 14 ನೋಡಬೇಕು. ಎರಡು ಬದಿಗೆ ಇಬ್ಬರಿದ್ದರೆ ಅರ್ಧ ಸಮಯ ಸಾಕು. ಬೆಲ್ಟ್ ಸಿಕ್ಕಿಸುವ ಮೊದಲೇ ಬಾರ್ ಕೆಳಗೆ ಎಳೆದುಕೊಂಡ ಒಬ್ಬರಿದ್ದರೆ ಇಡೀ ಸಾಲಿನ ಬಾರ್ ಮತ್ತೆ ಬಿಚ್ಚಬೇಕು, ಎಲ್ಲ ಮೊದಲಿನಿಂದ. ಆದ್ದರಿಂದಲೇ ಒಳ್ಳೆಯ ಪಾರ್ಕ್‌ಗಳಲ್ಲಿ "ಮೊದಲು ಬೆಲ್ಟು, ಆಮೇಲೆ ಬಾರು" ಅಂತ ಕ್ಯೂನಲ್ಲೇ ಚಿತ್ರ ಬರೆದು ತೋರಿಸಿರುತ್ತಾರೆ. ಬ್ಯಾಗಿಗೆ ಲಾಕರ್ ಇರುವುದು ಕ್ಯೂ ಶುರುವಾಗುವ ಮೊದಲು, ಸ್ಟೇಷನ್‌ನಲ್ಲಿ ಅಲ್ಲ.

ಹೊರಗಿನಿಂದಲೇ ಗುರುತಿಸುವ ಒಂದು ಲಕ್ಷಣವಿದೆ. ಸುತ್ತು ಮುಗಿಸಿದ ರೈಲು ಸ್ಟೇಷನ್ ಹೊರಗೆ, ಬ್ರೇಕ್ ಹಳಿಯ ಮೇಲೆ, ಜನರನ್ನು ಹೊತ್ತುಕೊಂಡೇ ಒಂದು ನಿಮಿಷ ನಿಂತಿರುತ್ತದೆ. ಹಳಿಯನ್ನು ಬ್ಲಾಕ್‌ಗಳಾಗಿ ಭಾಗ ಮಾಡಿರುತ್ತಾರೆ, ಒಂದು ಬ್ಲಾಕ್‌ನಲ್ಲಿ ಒಂದೇ ರೈಲು ಇರಬೇಕು ಅನ್ನುವುದು ಸುರಕ್ಷತೆಯ ನಿಯಮ. ಮುಂದಿನ ರೈಲು ಸ್ಟೇಷನ್ ಬಿಡದೆ ಹಿಂದಿನದು ಒಳಗೆ ಬರುವ ಹಾಗಿಲ್ಲ. ಪ್ರತಿ ಸುತ್ತಿನಲ್ಲೂ ಹೀಗೆ ನಿಲ್ಲುತ್ತಿದ್ದರೆ ಅಲ್ಲಿ ಕೊರತೆಯಿರುವುದು ಸಿಬ್ಬಂದಿಯದೋ ತರಬೇತಿಯದೋ, ರೈಲಿನದಲ್ಲ.

ಖಾಲಿ ಸೀಟಿನ ಕಡೆಯೂ ಕಣ್ಣಿಡಿ. ಮೂವರು ಬಂದ ಗುಂಪಿಗೆ ನಾಲ್ಕು ಸೀಟಿನ ಸಾಲು ಕೊಟ್ಟು ಒಂದನ್ನು ಹಾಗೇ ಬಿಟ್ಟು ಕಳಿಸುವುದು ಸಾಮಾನ್ಯ. ರೈಲಿಗೆ ಎರಡೇ ಸೀಟು ಖಾಲಿ ಹೋದರೂ ಗಂಟೆಗೆ 48 ರೈಲಿನ ಲೆಕ್ಕದಲ್ಲಿ 96 ಜನಕ್ಕೆ ಜಾಗ ತಪ್ಪಿತು. ಒಂಟಿಯಾಗಿ ಹತ್ತಲು ಒಪ್ಪುವವರಿಗೆ ಬೇರೆ ಸಾಲು ಇಟ್ಟರೆ ಈ ಸೀಟುಗಳೆಲ್ಲ ತುಂಬುತ್ತವೆ.

ಕಾಯುವ ಅನುಭವದ ಬಗ್ಗೆ ಒಂದೇ ಮಾತು: ಎಷ್ಟು ಹೊತ್ತು ಅಂತ ಗೊತ್ತಿಲ್ಲದೆ ಕಾಯುವುದು, ಯಾಕೆ ನಿಂತಿದೆ ಅಂತ ಗೊತ್ತಿಲ್ಲದೆ ಕಾಯುವುದು, ಸುಮ್ಮನೆ ಗೋಡೆ ನೋಡುತ್ತಾ ಕಾಯುವುದು, ಈ ಮೂರೂ ಇದ್ದದ್ದಕ್ಕಿಂತ ಉದ್ದವಾಗಿ ಅನ್ನಿಸುತ್ತವೆ. ರೈಡು ನಿಂತರೆ ಎರಡು ನಿಮಿಷದೊಳಗೆ ಧ್ವನಿವರ್ಧಕದಲ್ಲಿ ಹೇಳಬೇಕು, ಮತ್ತೆ ಹತ್ತು ನಿಮಿಷಕ್ಕೊಮ್ಮೆ ಹೇಳುತ್ತಿರಬೇಕು. 2012ರಲ್ಲಿ ಫ್ಲೋರಿಡಾದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಡಂಬೋ ಅನ್ನುವ ಹಳೆಯ ಮಕ್ಕಳ ರೈಡಿಗೆ ಜೋಡಿಯಾಗಿ ಇನ್ನೊಂದನ್ನು ಕಟ್ಟಿ, ಕ್ಯೂ ಬದಲು ತಂಪಾದ ಗುಡಾರದೊಳಗೆ ಆಟದ ಜಾಗ ಮಾಡಿದರು. ಕೈಗೆ ಪೇಜರ್ ಕೊಟ್ಟು, ಸರದಿ ಬಂದಾಗ ಅದು ಗುಂಯ್‌ಗುಟ್ಟುವ ವ್ಯವಸ್ಥೆ ಆಗ ಇತ್ತು. ಮಕ್ಕಳು ಆಡುತ್ತಿದ್ದರು, ಹೆತ್ತವರು ಕೂರುತ್ತಿದ್ದರು. ರೈಡು ಅದೇ ಹಳೆಯದು, ಬದಲಾದದ್ದು ಕಾಯುವ ರೀತಿ.

---

ಕಲ್ಲುಹಾಸು

ಸರತಿಲೆಕ್ಕ ಅವರು ಕ್ಯೂ ಬಗ್ಗೆ ಹೇಳಿದ ಮೇಲೆ ಅದಕ್ಕೆ ಸೇರಿಸಲು ಏನೂ ಇಲ್ಲ. ನಾನು ನೆಲ, ನೆರಳು, ನೋಟ, ಸದ್ದು ಇವುಗಳ ಬಗ್ಗೆ ಬರೆಯುತ್ತೇನೆ. ಮಧ್ಯಾಹ್ನ ಮೂರಕ್ಕೆ ಸಾಕಾಗುವುದಕ್ಕೆ ಹೆಚ್ಚಿನ ಸಲ ಕಾರಣ ಇವೇ.

ನೆರಳು. ಬಿಸಿಲಿಗೆ ಬಿದ್ದ ಕಪ್ಪು ಡಾಂಬರು 60 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾಯುತ್ತದೆ. ಆ ಕಾವು ಕೆಳಗಿನಿಂದ ಕಾಲಿಗೆ, ತಳ್ಳುಗಾಡಿಯಲ್ಲಿ ಕೂತ ಮಗುವಿನ ಮುಖಕ್ಕೆ ಹೊಡೆಯುತ್ತದೆ. ತಿಳಿಬಣ್ಣದ ಕಾಂಕ್ರೀಟೋ ಕಲ್ಲೋ ಹಾಕಿದರೆ ಕಾವು ಇಳಿಯುತ್ತದೆ, ಆದರೆ ತೀರಾ ಬಿಳುಪಾದರೆ ಕಣ್ಣು ಕುಕ್ಕುತ್ತದೆ. ಮಣ್ಣಿನ ಬಣ್ಣ, ತಿಳಿ ಬೂದು ಸೂಕ್ತ.

ಚಾವಣಿ ಹಾಕುವಾಗ ಆಗುವ ತಪ್ಪು ಎಲ್ಲ ಕಡೆ ಒಂದೇ. ನಕ್ಷೆಯಲ್ಲಿ ಬೆಂಚಿನ ನೇರ ಮೇಲೆ ಚಾವಣಿ ಬರೆಯುತ್ತಾರೆ. ಸೂರ್ಯ 45 ಡಿಗ್ರಿ ಕೋನಕ್ಕೆ ಇಳಿದಾಗ, ಮೂರು ಮೀಟರ್ ಎತ್ತರದ ಚಾವಣಿಯ ನೆರಳು ಸರಿಯಾಗಿ ಮೂರು ಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಜನ ದಣಿದು ಕೂರಲು ಬರುವ ಮಧ್ಯಾಹ್ನದ ಹೊತ್ತಿಗೆ ಬೆಂಚು ಬಿಸಿಲಲ್ಲಿ, ನೆರಳು ಹೂವಿನ ಪಾತಿಯ ಮೇಲೆ! ಮಧ್ಯಾಹ್ನದ ಬಿಸಿಲು ಪಶ್ಚಿಮದಿಂದ ಬರುವುದರಿಂದ ಚಾವಣಿಯನ್ನು ಆ ಕಡೆಗೆ ಚಾಚಬೇಕು, ಇಲ್ಲವೇ ಆ ಬದಿಯಲ್ಲಿ ಬಳ್ಳಿ ಹಬ್ಬಿಸಿದ ಜಾಲರಿ ನಿಲ್ಲಿಸಬೇಕು. ಮರಗಳಿಗೆ ಈ ತೊಂದರೆ ಕಮ್ಮಿ, ಯಾಕೆಂದರೆ ಹರಡಿದ ಕೊಂಬೆ ಎಲ್ಲ ಕೋನದಿಂದಲೂ ಬಿಸಿಲು ತಡೆಯುತ್ತದೆ. ಆದರೆ ಮರಕ್ಕೆ ಮಣ್ಣು ಬೇಕು. ಕಲ್ಲುಹಾಸಿನ ನಡುವೆ ಒಂದು ಮೀಟರ್ ಚೌಕದ ಗುಂಡಿ ತೋಡಿ ನೆಟ್ಟ ಮರಕ್ಕೆ ಬೇರು ಹೋಗಲು ಜಾಗವಿಲ್ಲ. ಸುತ್ತಲಿನ ನೆಲವನ್ನು ರೋಲರ್ ಹೊಡೆದು ಗಟ್ಟಿ ಮಾಡಿರುತ್ತಾರೆ, ನೀರೂ ಗಾಳಿಯೂ ಇಳಿಯುವುದಿಲ್ಲ. ಅಂಥ ಮರ ಬದುಕಿದರೂ ಬೆಳೆಯುವುದಿಲ್ಲ. ಬಿಡಿ ಗುಂಡಿಗಳ ಬದಲು ಉದ್ದಕ್ಕೆ ಒಂದೇ ಕಾಲುವೆಯಂತೆ ಮಣ್ಣು ತುಂಬಿಸಿ ಸಾಲಾಗಿ ನೆಟ್ಟರೆ ಬೇರುಗಳು ಮಣ್ಣನ್ನು ಹಂಚಿಕೊಳ್ಳುತ್ತವೆ.

ನೀರು ಚಿಮುಕಿಸುವ ಫ್ಯಾನ್ ಎಲ್ಲ ಕಡೆ ಕೆಲಸ ಮಾಡುವುದಿಲ್ಲ. ಹನಿ ಆವಿಯಾದರೆ ಮಾತ್ರ ತಂಪು. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಹನಿ ಹಾಗೇ ಬಟ್ಟೆಯ ಮೇಲೆ ಕೂತು ಮೈ ಅಂಟಂಟಾಗುತ್ತದೆ. ಅಂಥ ಕಡೆ ದೊಡ್ಡ ಫ್ಯಾನ್ ಇಟ್ಟು ಬರೀ ಗಾಳಿ ಬೀಸಿದರೇ ವಾಸಿ.

ಕೂರುವ ಜಾಗ. ಬೆಂಚಿಗೆ ಒರಗು ಇರಬೇಕು, ವಯಸ್ಸಾದವರು ಏಳಲು ಕೈ ಊರುವ ಹಿಡಿ ಇರಬೇಕು, ಎತ್ತರ ಸುಮಾರು 45 ಸೆಂ.ಮೀ. ಇರಬೇಕು. ಗಿಡದ ಪಾತಿಯ ಕಟ್ಟೆಯನ್ನೂ ಅದೇ ಎತ್ತರಕ್ಕೆ ಕಟ್ಟಿದರೆ ಪ್ರತ್ಯೇಕ ಬೆಂಚಿಲ್ಲದೆ ನೂರಾರು ಜನಕ್ಕೆ ಜಾಗವಾಗುತ್ತದೆ. ಕಟ್ಟೆಯ ಮೇಲೆ ಜನ ಕೂರಬಾರದು ಅಂತ ಮುಳ್ಳುಕಂಬಿ, ಮೊನಚು ಕಲ್ಲು ಇಟ್ಟ ಪಾರ್ಕ್ ಕಂಡರೆ ಆ ಆಡಳಿತ ಬಂದವರನ್ನು ಹೇಗೆ ನೋಡುತ್ತದೆ ಅನ್ನುವುದು ಅಲ್ಲಿಗೆ ತಿಳಿಯಿತು. ಕೂತವರಿಗೆ ನೋಡಲು ಏನಾದರೂ ಬೇಕು: ನೀರು, ನಡೆದುಹೋಗುವ ಜನ, ಮೇಲೆ ಹಾದುಹೋಗುವ ರೈಲು. ಗೋಡೆಗೆ ಮುಖ ಮಾಡಿದ ಬೆಂಚು ಸದಾ ಖಾಲಿ.

ನೋಟ. ದೂರದಲ್ಲಿ ಕಣ್ಣನ್ನು ಸೆಳೆಯುವ ಒಂದು ವಸ್ತುವಿದ್ದರೆ ನಕ್ಷೆ ನೋಡದೆಯೂ ಕಾಲು ಅತ್ತ ಹೋಗುತ್ತದೆ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಬೀದಿಯ ತುದಿಗೆ ಕೋಟೆ ಇಟ್ಟದ್ದು ಇದಕ್ಕೇ. ಆ ಕೋಟೆಯ ಎತ್ತರ ಬರೀ 77 ಅಡಿ, ಅಂದರೆ 23 ಮೀಟರ್‌ನಷ್ಟು. ಮೇಲೆ ಹೋದಂತೆ ಕಲ್ಲು, ಕಿಟಕಿಗಳನ್ನು ಚಿಕ್ಕದು ಮಾಡುತ್ತಾ ಹೋಗಿರುವುದರಿಂದ ಇದ್ದದ್ದಕ್ಕಿಂತ ಎತ್ತರ ಕಾಣುತ್ತದೆ. ಎದುರಿನ ಬೀದಿಯ ಅಂಗಡಿಗಳ ಮೇಲಂತಸ್ತುಗಳನ್ನೂ ಕುಗ್ಗಿಸಿ ಕಟ್ಟಿದ್ದಾರೆ. ಕೆಳಗಿನ ಬಾಗಿಲು ಮಾತ್ರ ಮನುಷ್ಯರ ಅಳತೆಯದು. ಪಾರ್ಕ್ ಸುತ್ತ ಮಣ್ಣಿನ ದಿಬ್ಬ ಎಬ್ಬಿಸಿ ಹೊರಗಿನ ರಸ್ತೆ, ಕಟ್ಟಡ ಒಳಗಿನವರಿಗೆ ಕಾಣದಂತೆ ಮಾಡಿದ್ದೂ ಅಲ್ಲಿಯೇ.

ಬ್ರಿಟನ್ನಿನ ಆಲ್ಟನ್ ಟವರ್ಸ್ ಪಾರ್ಕ್‌ನ ಉದಾಹರಣೆ ನನಗೆ ಇನ್ನೂ ಇಷ್ಟ. ಮರಗಳ ನೆತ್ತಿ ದಾಟಿ ಏನೂ ಕಟ್ಟಬಾರದು ಅನ್ನುವ ಕಟ್ಟುಪಾಡು ಅಲ್ಲಿದೆ. ಆದ್ದರಿಂದ 1994ರ ನೆಮೆಸಿಸ್ ಕೋಸ್ಟರ್‌ಗೆ ಮೇಲಕ್ಕೆ ಹೋಗುವ ಬದಲು ಬಂಡೆ ಒಡೆದು ಹಳ್ಳ ತೋಡಿದರು. ರೈಲು ಹಳ್ಳದ ಗೋಡೆಗೆ ಉಜ್ಜುವಷ್ಟು ಹತ್ತಿರ ಹಾದುಹೋಗುತ್ತದೆ, ಹತ್ತದವರೂ ಅಂಚಿನ ದಾರಿಗಳಲ್ಲಿ ನಿಂತು ನೋಡುತ್ತಾರೆ. ರೈಡು ಹತ್ತದೆ ನಿಂತವರಿಗೂ ಅದು ನೋಡತಕ್ಕ ಸಂಗತಿಯಾಯಿತು. ಬೇಲಿ ಹಾಕಿದ ಬಟಾಬಯಲಲ್ಲಿ ನಿಲ್ಲಿಸಿದ ಕೋಸ್ಟರ್‌ಗೆ ಈ ಗುಣ ಬರುವುದಿಲ್ಲ.

ಸದ್ದು. ಒಂದೇ ಬಿಂದುವಿನಿಂದ ಹೊರಡುವ ಸದ್ದು ತೆರೆದ ಜಾಗದಲ್ಲಿ ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬಲ್ ಇಳಿಯುತ್ತದೆ. ಹಾಗಾಗಿ ಒಂದು ದೊಡ್ಡ ಸ್ಪೀಕರ್ ಇಟ್ಟರೆ ಅದರ ಕೆಳಗೆ ನಿಂತವರ ಕಿವಿ ಗಡಚಿಕ್ಕುತ್ತದೆ, ಐವತ್ತು ಹೆಜ್ಜೆ ಆಚೆ ಇರುವವರಿಗೆ ಬರೀ ಗದ್ದಲ ಕೇಳುತ್ತದೆ. ಪೊದೆಗಳ ನಡುವೆ ಕೆಲವೇ ಮೀಟರ್‌ಗೆ ಒಂದರಂತೆ ಚಿಕ್ಕ ಸ್ಪೀಕರ್‌ಗಳನ್ನು ತಗ್ಗಿಸಿ ಇಟ್ಟರೆ ಮಾತಾಡುತ್ತಲೇ ಸಂಗೀತ ಕೇಳಬಹುದು. ಒಂದು ವಲಯದಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಒಂದಷ್ಟು ದೂರ ಸಂಗೀತವೇ ಇರಬಾರದು, ಅಥವಾ ನೀರು ಬೀಳುವ ಸದ್ದಿರಬೇಕು. ಇಲ್ಲದಿದ್ದರೆ ಎರಡು ಹಾಡು ಒಟ್ಟಿಗೆ ಕಿವಿಗೆ ಬಿದ್ದು ತಲೆನೋವು.

ಶೌಚಾಲಯದ ಬಗ್ಗೆ ಯಾರೂ ಬರೆಯುವುದಿಲ್ಲ, ಅದಕ್ಕೇ ಬರೆಯುತ್ತೇನೆ. ಹೆಂಗಸರ ಕಡೆ ಗಂಡಸರ ಕಡೆಗಿಂತ ಎರಡರಷ್ಟಾದರೂ ಜಾಗ ಬೇಕು, ಯಾಕೆಂದರೆ ತಲಾ ಹಿಡಿಯುವ ಸಮಯ ಹೆಚ್ಚು, ಜೊತೆಗೆ ಮಕ್ಕಳೂ ಇರುತ್ತಾರೆ. ಎರಡು ಕಡೆಗೂ ಒಂದೇ ಅಳತೆಯ ಕೋಣೆ ಕಟ್ಟುವುದರಿಂದಲೇ ಒಂದು ಕಡೆ ಸದಾ ಸಾಲು. ಪ್ರದರ್ಶನ ಮುಗಿದು ಸಾವಿರ ಜನ ಒಟ್ಟಿಗೆ ಹೊರಬರುವ ಬಾಗಿಲ ಬಳಿ ಒಂದು ದೊಡ್ಡ ಶೌಚಾಲಯ ಇಲ್ಲದಿದ್ದರೆ ಮುಂದಿನ ಅರ್ಧ ಗಂಟೆ ಸುತ್ತಲಿನದೆಲ್ಲ ಕಟ್ಟಿಕೊಳ್ಳುತ್ತದೆ.

1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆದ ದಿನ ಇದೆಲ್ಲ ಒಟ್ಟಿಗೆ ಕೈಕೊಟ್ಟಿತ್ತು. ಕೊಳಾಯಿ ಕೆಲಸಗಾರರ ಮುಷ್ಕರದಿಂದಾಗಿ ಕುಡಿಯುವ ನೀರಿನ ನಲ್ಲಿ ಮತ್ತು ಶೌಚಾಲಯಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿ ಬಂದು, ಶೌಚಾಲಯ ಮುಗಿಸಿದರು. ಸುಡುಬಿಸಿಲಿಗೆ ಹೊಸ ಡಾಂಬರು ಮೆತ್ತಗಾಗಿ ಹೆಂಗಸರ ಹಿಮ್ಮಡಿ ಚಪ್ಪಲಿ ಅದರಲ್ಲಿ ಹೂತವು. ರೈಡ್‌ಗಳಿಗಿಂತ ಹೆಚ್ಚಾಗಿ ಜನ ಮಾತಾಡಿದ್ದು ಇವುಗಳ ಬಗ್ಗೆ.

---

ಮೂರಡಿ

ಗುಂಪು ಒಡೆಯದಿರುವುದು ಮುಖ್ಯ, ಅದನ್ನು ಸೇರಿಸಿಕೊಳ್ಳಿ. 120 ಸೆಂ.ಮೀ. ಎತ್ತರದ ಮಿತಿ ಇರುವ ರೈಡ್‌ಗಳೇ ತುಂಬಿರುವ ಪಾರ್ಕ್‌ಗೆ 110 ಸೆಂ.ಮೀ. ಮಗು ಇರುವ ಮನೆಯವರು ಹೋದರೆ ಇಡೀ ದಿನ ಒಬ್ಬರು ಮಗುವನ್ನು ಹಿಡಿದುಕೊಂಡು ಕೆಳಗೆ ನಿಂತಿರಬೇಕು. ಅಜ್ಜಿ, ಮೊಮ್ಮಗು, ಕಾಲೇಜು ಹುಡುಗ ಮೂವರೂ ಒಟ್ಟಿಗೆ ಹತ್ತುವ ಉಗಿಬಂಡಿ, ದೋಣಿ, ಕತ್ತಲೆಯೊಳಗೆ ಸಾಗುವ ಕಥೆಯ ರೈಡ್‌ಗಳು ಎಷ್ಟಿವೆ ಅಂತ ಎಣಿಸಿ.

ಎತ್ತರದ ಮಿತಿಯಿರುವ ರೈಡುಗಳಿಗೆ ಸರದಿ ಬದಲಿಸುವ ವ್ಯವಸ್ಥೆ ಇರಲೇಬೇಕು: ಒಬ್ಬರು ಹತ್ತಿ ಇಳಿದ ಮೇಲೆ, ಮಗುವನ್ನು ನೋಡಿಕೊಂಡಿದ್ದ ಇನ್ನೊಬ್ಬರು ಮತ್ತೆ ಪೂರ್ತಿ ಕ್ಯೂ ನಿಲ್ಲದೆ ಹತ್ತುವುದು. ಇದು ಇದೆಯೇ ಅಂತ ಪ್ರವೇಶದಲ್ಲೇ ಕೇಳಿ, ಬೋರ್ಡ್ ಹಾಕಿರುವುದು ಕಮ್ಮಿ.

ಎತ್ತರ ಅಳೆಯುವುದು ಗೇಟಿನ ಬಳಿ ಒಮ್ಮೆ ಆಗಬೇಕು, ಮಣಿಕಟ್ಟಿಗೆ ಬಣ್ಣದ ಪಟ್ಟಿ ಕಟ್ಟಬೇಕು. 40 ನಿಮಿಷ ಕಾದ ಮೇಲೆ ಸ್ಟೇಷನ್‌ನಲ್ಲಿ ಅಳೆದು "ಎರಡು ಸೆಂಟಿಮೀಟರ್ ಸಾಲದು" ಅಂದರೆ ಮಗು ಅಳದೆ ಇನ್ನೇನು ಮಾಡುತ್ತದೆ? ಸದ್ದು, ಜನಜಂಗುಳಿ ತಡೆಯಲಾಗದ ಮಕ್ಕಳಿಗೆ ದೀಪ ಮಂದವಾಗಿರುವ ಒಂದು ನಿಶ್ಶಬ್ದ ಕೋಣೆ, ಕ್ಯೂನಲ್ಲಿ ನಿಲ್ಲಲಾಗದವರಿಗೆ ಸಮಯ ಬರೆದುಕೊಡುವ ಚೀಟಿ, ಇವೆರಡೂ ಇರುವ ಪಾರ್ಕ್‌ಗೆ ನನ್ನ ಅಂಕ ಜಾಸ್ತಿ.

---

ಎತ್ತರಪ್ರಿಯ

ಎಲ್ಲ ಸರಿ, ಆದರೆ ಮರ, ಬೆಂಚು ನೋಡಲು ಯಾರೂ ಟಿಕೆಟ್ ತೆಗೆದುಕೊಳ್ಳುವುದಿಲ್ಲ. ಎರಡು ಮೂರು ವರ್ಷಕ್ಕೊಂದು ಹೊಸ ರೈಡು ಬರದಿದ್ದರೆ ಹಳಬರು ವಾಪಸ್ ಬರುವುದಿಲ್ಲ. ಹೊಸ ರೈಡು ಬಂದರೆ ಕ್ಯೂ ಕೂಡ ಹಂಚಿಹೋಗಿ ಎಲ್ಲರಿಗೂ ಅನುಕೂಲವಲ್ಲವೇ?

---

ಸರತಿಲೆಕ್ಕ

ಎತ್ತರಪ್ರಿಯ ಅವರೇ, ಹೊಸ ರೈಡು ಜನರನ್ನು ಕರೆತರುತ್ತದೆ ಅನ್ನುವುದನ್ನು ಒಪ್ಪುತ್ತೇನೆ. ಕ್ಯೂ ಹಂಚಿಹೋಗುತ್ತದೆ ಅನ್ನುವುದು ಮಾತ್ರ ಎಲ್ಲ ಸಲ ನಿಜವಲ್ಲ. ಒಂದು ಕಾಲ್ಪನಿಕ ಪಾರ್ಕ್ ತೆಗೆದುಕೊಳ್ಳೋಣ. ಒಳಗೆ 12,000 ಜನ. ಎಲ್ಲ ರೈಡು, ಪ್ರದರ್ಶನ ಸೇರಿ ಗಂಟೆಗೆ 12,000 ಜನರನ್ನು ಹತ್ತಿಸಬಲ್ಲವು. ತಲಾ ಗಂಟೆಗೆ ಒಂದು ಸಿಕ್ಕಿತು. ಈಗ ಗಂಟೆಗೆ 1,000 ಜನರ ಹೊಸ ಕೋಸ್ಟರ್ ಬಂತು, ಅದರ ಜಾಹೀರಾತು ನೋಡಿ 2,500 ಜನ ಹೆಚ್ಚಿಗೆ ಬಂದರು. 14,500 ಜನಕ್ಕೆ 13,000, ತಲಾ 0.9ಕ್ಕೆ ಇಳಿಯಿತು. ಪಾರ್ಕ್ ಬೆಳೆಯಿತು, ಒಬ್ಬೊಬ್ಬರ ಪಾಲು ಸಣ್ಣದಾಯಿತು. ಊಟದ ಸೀಟು, ಶೌಚಾಲಯ, ದಾರಿಯ ಅಗಲ ಮೊದಲಿನಷ್ಟೇ ಇದ್ದರೆ ಅಲ್ಲಿಯೂ ಇದೇ ಕಥೆ.

ನಿಲ್ಲದೆ ಸಾಗುವ ಹಳೆಯ ರೈಡ್‌ಗಳನ್ನು ಕಿತ್ತುಹಾಕಬೇಡಿ ಅನ್ನುವುದು ಇದಕ್ಕೇ. ಡಿಸ್ನಿಲ್ಯಾಂಡ್‌ನ 1969ರ ಹಾಂಟೆಡ್ ಮ್ಯಾನ್ಷನ್‌ನಲ್ಲಿ ಬಂಡಿಗಳ ಸರಪಳಿ ನಿಲ್ಲುವುದೇ ಇಲ್ಲ. ಜನ ಚಲಿಸುವ ಪಟ್ಟಿಯ ಮೇಲೆ ನಡೆಯುತ್ತಾ ಹತ್ತುತ್ತಾರೆ. ಆದ್ದರಿಂದ ಗಂಟೆಗೆ 2,000ಕ್ಕೂ ಹೆಚ್ಚು ಜನ ಹೋಗುತ್ತಾರೆ. 1967ರ ಪೈರೇಟ್ಸ್ ದೋಣಿ ರೈಡು ಸುಮಾರು ಕಾಲು ಗಂಟೆಯದು. ಅಷ್ಟು ಹೊತ್ತು ನೂರಾರು ಜನ ತಂಪಾದ ಕತ್ತಲೆಯಲ್ಲಿ ಕೂತಿರುತ್ತಾರೆ, ದಾರಿಯ ಮೇಲೆ ಇರುವುದಿಲ್ಲ. ಎರಡು ನಿಮಿಷದ ಕೋಸ್ಟರ್ ಎಷ್ಟೇ ರೋಮಾಂಚಕವಾಗಿದ್ದರೂ ಈ ಕೆಲಸ ಮಾಡಲಾರದು.

---

ಹೊಂಗೆನೆರಳು

ತುಂಬಾ ಧನ್ಯವಾದ, ಬೇಕಾಗಿದ್ದು ಇಂಥದ್ದೇ. ಎರಡು ಮರುಪ್ರಶ್ನೆ. ಹಣ ಕೊಟ್ಟು ಮುಂದೆ ಹೋಗುವ ಸಾಲಿನಿಂದ ಸಾಮಾನ್ಯ ಸಾಲಿಗೆ ನಿಜಕ್ಕೂ ಎಷ್ಟು ಪೆಟ್ಟು? ಊಟದ ಹೊತ್ತಿನ ನೂಕುನುಗ್ಗಲಿಗೆ ಪರಿಹಾರ ಇದೆಯೇ?

---

ಸರತಿಲೆಕ್ಕ

ಮೊದಲನೆಯದಕ್ಕೆ ಲೆಕ್ಕವೇ ಉತ್ತರ. ಗಂಟೆಗೆ 1,200 ಜನರ ರೈಡು. ನಿಮ್ಮ ಮುಂದೆ 360 ಜನ. ಬೇರೆ ಸಾಲಿಲ್ಲದಿದ್ದರೆ 18 ನಿಮಿಷ. ಹತ್ತರಲ್ಲಿ ಏಳು ಸೀಟನ್ನು ವೇಗದ ಸಾಲಿಗೆ ಮೀಸಲಿಟ್ಟರೆ ನಿಮ್ಮ ಸಾಲಿಗೆ ಉಳಿದದ್ದು ಗಂಟೆಗೆ 360. ಅದೇ 360 ಜನರ ಹಿಂದೆ ಈಗ 60 ನಿಮಿಷ. ಡಿಸ್ನಿ 1999ರಲ್ಲಿ ಫಾಸ್ಟ್‌ಪಾಸ್ ಅನ್ನುವ ವೇಗದ ಸಾಲು ತಂದಾಗ ಅದು ಉಚಿತವಾಗಿತ್ತು. ಅಮೆರಿಕದ ಅದರ ಪಾರ್ಕ್‌ಗಳಲ್ಲಿ 2021ರಿಂದ ಹಣ ಕೊಡುವ ಪದ್ಧತಿ ಬಂತು. ಉಚಿತವೋ ಹಣದ್ದೋ, ಲೆಕ್ಕ ಬದಲಾಗುವುದಿಲ್ಲ. ವೇಗದ ಸಾಲಿಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೊಡದ ಪಾರ್ಕ್‌ನಲ್ಲಿ ಎರಡೂ ಸಾಲು ಸಹಿಸುವಂತಿರುತ್ತವೆ.

ಇನ್ನೊಂದು ಅಡ್ಡಪರಿಣಾಮವೂ ಇದೆ. ಸಾಲಿನಲ್ಲಿ ನಿಲ್ಲದ ಜನ ಆವಿಯಾಗಿ ಹೋಗುವುದಿಲ್ಲ, ದಾರಿಗೆ ಬರುತ್ತಾರೆ. ಫೋನಿನಲ್ಲೇ ಸರದಿ ಕೊಡುವ ವ್ಯವಸ್ಥೆ ತಂದ ಪಾರ್ಕ್‌ಗಳಲ್ಲಿ ದಾರಿ, ಅಂಗಡಿ, ಬೆಂಚು ಎಲ್ಲ ಕಿಕ್ಕಿರಿಯುವುದು ಇದರಿಂದ. ಅವರಿಗೆ ಆ ಹೊತ್ತಿನಲ್ಲಿ ಮಾಡಲು ಏನಾದರೂ ಕೊಡಬೇಕು, ಬೀದಿ ಪ್ರದರ್ಶನವೋ ವಸ್ತುಪ್ರದರ್ಶನವೋ ಆಟದ ಬಯಲೋ.

---

ಬಡಿಸುವಕೈ

ಊಟದ ಪ್ರಶ್ನೆ ನನಗಿರಲಿ. 12,000 ಜನರಲ್ಲಿ ನೂರಕ್ಕೆ ಅರವತ್ತು ಮಂದಿ ಹನ್ನೆರಡೂವರೆಯಿಂದ ಎರಡರೊಳಗೆ ತಿನ್ನುತ್ತಾರೆ ಅನ್ನಿ, 7,200 ಜನ. ಮೂವರಿಗೆ ಒಬ್ಬರಂತೆ ಕೌಂಟರಿಗೆ ಬಂದರೆ 2,400 ಆರ್ಡರ್. ಒಂದು ಆರ್ಡರ್‌ಗೆ 50 ಸೆಕೆಂಡ್ ಅಂದರೆ ಒಂದು ಕೌಂಟರು ಆ ಒಂದೂವರೆ ಗಂಟೆಯಲ್ಲಿ 108 ಆರ್ಡರ್ ಮುಗಿಸುತ್ತದೆ. ಅಂದರೆ ಇಡೀ ಪಾರ್ಕ್‌ನಲ್ಲಿ 23 ಕೌಂಟರ್ ಆ ಹೊತ್ತಿಗೆ ತೆರೆದಿರಬೇಕು. ತಲಾ ಅರ್ಧ ಗಂಟೆ ಕೂತರೆ ಒಂದು ಸೀಟಿಗೆ ಮೂರು ಸರದಿ, ಹಾಗಾಗಿ 2,400 ಸೀಟು. ಹದಿನಾಲ್ಕು ಕೌಂಟರ್ ಮಾತ್ರ ತೆರೆದು, ಜನ ಬೈದಾಗ ಆಶ್ಚರ್ಯಪಡುವ ಪಾರ್ಕ್‌ಗಳೇ ಹೆಚ್ಚು.

ಸಮಯ ತಿನ್ನುವುದು ಅಡುಗೆಯಲ್ಲ, ಕೌಂಟರಿನ ಮುಂದೆ ಮೇಲೆ ನೋಡಿಕೊಂಡು "ಏನು ತಗೊಳ್ಳೋಣ" ಅನ್ನುವ ಯೋಚನೆ. ಮೆನು ಬೋರ್ಡನ್ನು ಸಾಲಿನ ಹಿಂದಿನ ತುದಿಗೂ ಕಾಣುವಂತೆ ಇನ್ನೊಂದು ಹಾಕಬೇಕು. ಹನ್ನೆರಡರಿಂದ ಎರಡರ ತನಕ ಪಟ್ಟಿಯನ್ನು ಎಂಟು ಹತ್ತು ಪದಾರ್ಥಕ್ಕೆ ಇಳಿಸಬೇಕು. ಹಣ ತೆಗೆದುಕೊಳ್ಳುವವರು ಬೇರೆ, ತಟ್ಟೆ ಕೊಡುವವರು ಬೇರೆ ಇರಬೇಕು. ಸೀಟು ಹಿಡಿದಿಡುವ ಚಾಳಿ ಎಲ್ಲೆಡೆ ಇದೆ: ಒಬ್ಬರು ಸಾಲಿನಲ್ಲಿ, ನಾಲ್ವರು ಖಾಲಿ ಮೇಜಿಗೆ ಕಾವಲು. ತಟ್ಟೆ ಕೈಗೆ ಬಂದ ಮೇಲೆ ಸಿಬ್ಬಂದಿಯೇ ಮೇಜು ತೋರಿಸಿದರೆ ಅಷ್ಟೇ ಸೀಟಿನಲ್ಲಿ ಎಷ್ಟೋ ಹೆಚ್ಚು ಜನ ಊಟ ಮುಗಿಸುತ್ತಾರೆ. ಮೆರವಣಿಗೆ, ದೊಡ್ಡ ಪ್ರದರ್ಶನಗಳನ್ನು ಸರಿಯಾಗಿ ಹನ್ನೆರಡೂವರೆಗೆ ಇಟ್ಟರೆ ಒಂದಷ್ಟು ಜನ ಊಟವನ್ನು ಮುಂದೂಡುತ್ತಾರೆ, ಅಡುಗೆಮನೆ ಉಸಿರಾಡುತ್ತದೆ. ಆದರೆ ಅದೇ ಪ್ರದರ್ಶನ ಒಂದು ಗಂಟೆಗೆ ಮುಗಿದರೆ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ, ಆದ್ದರಿಂದ ಎರಡು ಮೂರು ಕಡೆ ಇಪ್ಪತ್ತು ನಿಮಿಷ ಹಿಂದುಮುಂದಾಗಿ ಇಡಬೇಕು.

ಅಮೆರಿಕದ ಇಂಡಿಯಾನಾದಲ್ಲಿರುವ ಹಾಲಿಡೇ ವರ್ಲ್ಡ್ 2000ದಿಂದ ತಂಪು ಪಾನೀಯವನ್ನು ಎಲ್ಲರಿಗೂ ಉಚಿತ ಮಾಡಿತು, ಬಿಸಿಲಿಗೆ ಹಚ್ಚುವ ಕ್ರೀಮ್ ಕೂಡ ಉಚಿತ. ದಿನವಿಡೀ ಬಾಯಾರಿಕೆಗೆಂದು ಪರ್ಸು ತೆಗೆಯಬೇಕಾಗಿಲ್ಲ ಅಂದರೆ ಮನಸ್ಸು ಎಷ್ಟು ಹಗುರ! ಪೆನ್ಸಿಲ್ವೇನಿಯಾದ ಕನೋಬೆಲ್ಸ್‌ನಲ್ಲಿ ಪ್ರವೇಶಕ್ಕೇ ದುಡ್ಡಿಲ್ಲ, ಹತ್ತಿದ ರೈಡಿಗೆ ಮಾತ್ರ ಕೊಟ್ಟರಾಯಿತು. ಹತ್ತದ ತಾತ ಅಜ್ಜಿ ಸುಮ್ಮನೆ ಬಂದು ಮರದಡಿ ಕೂರಬಹುದು.

---

ಹಳೇಹಳಿ

ನಿರ್ವಹಣೆಯ ಬಗ್ಗೆ ಎರಡು ಮಾತು. ಕೋಪನ್‌ಹೇಗನ್‌ನ ಟಿವೊಲಿ ಪಾರ್ಕ್ ಶುರುವಾದದ್ದು 1843ರಲ್ಲಿ. ಅಲ್ಲಿಯ ಮರದ ರೋಲರ್ ಕೋಸ್ಟರ್ 1914ರದ್ದು, ಈಗಲೂ ಬ್ರೇಕ್ ಹಿಡಿಯುವವರು ರೈಲಿನಲ್ಲೇ ಕೂತು ಬರುತ್ತಾರೆ. ಅದರ ಎತ್ತರ, ವೇಗ ಇವತ್ತಿನ ಲೆಕ್ಕದಲ್ಲಿ ಏನೂ ಅಲ್ಲ. ಜನ ಬರುವುದು ಹೂದೋಟ, ಸಂಜೆಯ ದೀಪ, ಸಂಗೀತ, ಹಳೆಯ ರೈಡು ಎಲ್ಲ ಒಟ್ಟಿಗೆ ಇರುವುದರಿಂದ, ಎಲ್ಲವೂ ಸುಸ್ಥಿತಿಯಲ್ಲಿ ಇರುವುದರಿಂದ.

ನೆದರ್ಲೆಂಡ್ಸ್‌ನ ಎಫ್ಟೆಲಿಂಗ್‌ನಲ್ಲಿ ಕಸದ ಡಬ್ಬಿಯೇ ಒಂದು ಆಟ. 1952ರಲ್ಲಿ ಶುರುವಾದ ಅದರ ಕಥೆಗಳ ಕಾಡು ಈಗಲೂ ಇದೆ. ಪಾರ್ಕ್‌ನ ಅಲ್ಲಲ್ಲಿ ಬಾಯಿ ತೆರೆದ ಡೊಳ್ಳುಹೊಟ್ಟೆಯ ಗೊಂಬೆಗಳು "ಕಾಗದ ಇಲ್ಲಿ ಹಾಕಿ" ಅಂತ ಡಚ್‌ನಲ್ಲಿ ಕೂಗುತ್ತವೆ. ಬಾಯಿಗೆ ಕಾಗದ ಹಿಡಿದರೆ ಒಳಗೆ ಎಳೆದುಕೊಂಡು ಧನ್ಯವಾದ ಹೇಳುತ್ತವೆ. ಮಕ್ಕಳು ನೆಲದ ಕಸ ಹುಡುಕಿ ತಂದು ಹಾಕುತ್ತಾರೆ. ಕಸ ಹಾಕಿ ಅಂತ ಬೋರ್ಡ್ ಬರೆಯುವುದಕ್ಕೂ ಇದಕ್ಕೂ ಎಷ್ಟು ದೂರ ನೋಡಿ.

ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ 1971ರಿಂದಲೇ ನಡೆದಾಡುವ ನೆಲದ ಕೆಳಗೆ ಸಿಬ್ಬಂದಿಯ ಸುರಂಗ ದಾರಿಗಳಿವೆ. ಅಂತರ್ಜಲ ಮೇಲೇ ಇದ್ದದ್ದರಿಂದ ಸುರಂಗವನ್ನು ನೆಲಮಟ್ಟದಲ್ಲಿ ಕಟ್ಟಿ, ಮೇಲೆ ಮಣ್ಣು ತುಂಬಿ, ಪಾರ್ಕನ್ನು ಎರಡನೇ ಅಂತಸ್ತಿನ ಹಾಗೆ ಎಬ್ಬಿಸಿದರು. ಕಸ, ಸರಕು, ವೇಷಧಾರಿಗಳು ಬಂದವರ ನಡುವೆ ನುಸುಳುವುದು ತಪ್ಪಿತು. ಎಲ್ಲರಿಗೂ ಸುರಂಗ ಕಟ್ಟಲಾಗುವುದಿಲ್ಲ, ಆದರೆ ಸರಕಿನ ಗಾಡಿಗಳನ್ನು ಗೇಟು ತೆರೆಯುವ ಮೊದಲೇ ಓಡಿಸಿ ಮುಗಿಸುವುದು ಯಾವ ಪಾರ್ಕ್‌ಗೂ ಸಾಧ್ಯ.

ನೋಡಬೇಕಾದ ಚಿಕ್ಕ ಲಕ್ಷಣಗಳು: ಕೈ ಹಿಡಿಯುವ ಕಂಬಿಯ ಬಣ್ಣ ಎದ್ದಿದೆಯೇ, ಕಥೆಯ ರೈಡಿನಲ್ಲಿ ಚಲಿಸಬೇಕಾದ ಗೊಂಬೆ ನಿಂತುಹೋಗಿದೆಯೇ, ದೀಪದ ಸಾಲಿನಲ್ಲಿ ಎಷ್ಟು ಆರಿವೆ. ಗೊಂಬೆಯ ಒಂದು ಮೋಟಾರು ರಿಪೇರಿಯಾಗದೆ ಉಳಿದಿದ್ದರೆ ಅದು ಕಣ್ಣಿಗೆ ಕಾಣುವ ಕೊರತೆ, ಕಾಣದ ಕೊರತೆಗಳು ಬೇರೆ ಇರುತ್ತವೆ.

---

ಹೊಂಗೆನೆರಳು

ಕೊನೆಯದೊಂದು. ಟಿಕೆಟ್ ತೆಗೆಯುವ ಮೊದಲೇ ಇವುಗಳಲ್ಲಿ ಎಷ್ಟನ್ನು ತಿಳಿದುಕೊಳ್ಳಬಹುದು?

---

ಕಲ್ಲುಹಾಸು

ಸಾಕಷ್ಟು ತಿಳಿಯುತ್ತದೆ. ಉಪಗ್ರಹ ಚಿತ್ರ ತೆಗೆದು ಪಾರ್ಕ್ ಮೇಲೆ ಹಿಗ್ಗಿಸಿ. ದೊಡ್ಡ ರೈಡ್‌ಗಳ ಪಕ್ಕದ ಅಂಕುಡೊಂಕಿನ ಕ್ಯೂ ಕಂಬಿಗಳು ಬರಿಗಣ್ಣಿಗೆ ಕಂಡರೆ ಅವಕ್ಕೆ ಚಾವಣಿ ಇಲ್ಲ ಅಂತ ಅರ್ಥ. ದಾರಿಗಳು ಸುತ್ತಿ ಮತ್ತೆ ಸೇರುತ್ತವೆಯೋ, ತುದಿಗೆ ಹೋಗಿ ಕುರುಡಾಗಿ ನಿಲ್ಲುತ್ತವೆಯೋ ನೋಡಿ, ಕುರುಡು ದಾರಿ ಅಂದರೆ ಬಂದ ಬಿಸಿಲಲ್ಲೇ ವಾಪಸ್ ನಡೆಯಬೇಕು. ಪಾರ್ಕ್‌ನ ಜಾಲತಾಣದಲ್ಲಿ ಎತ್ತರದ ಮಿತಿಯ ಪಟ್ಟಿ, ಪ್ರದರ್ಶನದ ವೇಳೆ, ಆ ವಾರ ರಿಪೇರಿಗೆ ಮುಚ್ಚಿರುವ ರೈಡ್‌ಗಳ ಪಟ್ಟಿ ಇದೆಯೇ ನೋಡಿ. ಮುಚ್ಚಿದ್ದನ್ನು ಮುಂಚೆಯೇ ಹೇಳುವ ಪಾರ್ಕ್ ಕ್ಯೂನಲ್ಲೂ ನಿಜ ಹೇಳುವ ಸಾಧ್ಯತೆ ಹೆಚ್ಚು. ಉಪಗ್ರಹ ಚಿತ್ರ ಯಾವ ತಿಂಗಳಲ್ಲಿ ತೆಗೆದದ್ದು ಅನ್ನುವುದನ್ನು ಮೊದಲು ಗಮನಿಸಿ, ಎಲೆ ಉದುರುವ ಕಾಲದ್ದಾಗಿದ್ದರೆ ನೆರಳಿನ ಅಂದಾಜು ತಪ್ಪುತ್ತದೆ.